ಮಗು ಮಲಗಿತು

ಕಾಡಿನ ಮೆಣಸಿನ ಬಳ್ಳಿಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ.
ತೋಟದ ಬಳ್ಳಿಗೆ ಒಂದೇ ಕದಿರಲ್ಲಿ ಎರಡೂ.
ಯಾವುದೋ ಕಾಲದಲ್ಲಿ ಯಾರೋ
ಹೆಚ್ಚು ಕಾಳು ಕಟ್ಟಿದ್ದನ್ನೇ ಆರಿಸಿ, ತುಂಡು ಮಾಡಿ ನೆಟ್ಟಳು.
ನೆಟ್ಟಳೋ, ನೆಟ್ಟನೋ,
ಬರೆದಿಟ್ಟವರಿಲ್ಲ.

ಮೂಡಿಗೆರೆಯ ಪಿಯು ತರಗತಿಯಲ್ಲಿ ಭೂತಗನ್ನಡಿ ಹಿಡಿದು
"ದೊಡ್ಡ ಲಿಂಗಾಣು ಹೆಣ್ಣಿನದು, ಚಿಕ್ಕದು ಗಂಡಿನದು,
ಕೋಟಿ ಕೋಟಿ ವರ್ಷದ ಲೆಕ್ಕ ಇಷ್ಟೇ" ಅಂದೆ.

ಹಿಂದಿನ ಬೆಂಚಿನ ತೀರ್ಥಪ್ರಸಾದ ಎದ್ದ.
"ಹಾಗಾದ್ರೆ ಮಿಸ್, ರಂಗೋಲಿ ಯಾವ ವರ್ಣತಂತುವಲ್ಲಿದೆ?"
ಎಲ್ಲರೂ ನಕ್ಕರು. ಅವನು ನಗಲಿಲ್ಲ.
ಅವನ ಬೆರಳ ಸಂದಿಯಲ್ಲಿ ಬಿಳಿ ಪುಡಿ;
ಸೀಮೆಸುಣ್ಣ ಹಿಡಿದಿದ್ದವಳು
ಆ ಕೋಣೆಯಲ್ಲಿ ನಾನೊಬ್ಬಳೇ.

ಉತ್ತರ ಗೊತ್ತಿತ್ತು. ಬಾಯಿ ತೆರೆಯುವಷ್ಟರಲ್ಲಿ ಗಂಟೆ.
ಹಾಜರಿ ಪುಸ್ತಕ ಮುಚ್ಚಿದೆ: ಹುಡುಗರು ಮೊದಲು, ನೀಲಿಯಲ್ಲಿ,
ಹುಡುಗಿಯರು ಇಪ್ಪತ್ತಮೂರರಿಂದ, ಕೆಂಪು ಶಾಯಿಯಲ್ಲಿ.
ಈ ಕೆಂಪು ಯಾವ ಜೀವಿಯಲ್ಲಿ ವಿಕಾಸವಾಯಿತು?
ಗೆರೆ ಹಾಕಿದ್ದು ನನ್ನದೇ ಕೈ,
ಜೂನ್ ತಿಂಗಳಲ್ಲಿ, ಸ್ಕೇಲು ಇಟ್ಟು.

ಕೊಟ್ಟಿಗೆಹಾರದ ಬಸ್ಸು. ಮುಂದಿನ ಸೀಟು ಹೆಂಗಸರಿಗೆ, ಕೂತೆ.
ಪಕ್ಕದವಳ ಮಡಿಲಲ್ಲಿ ಉಣ್ಣೆ ಟೊಪ್ಪಿಯ ಕೂಸು.
ಗಂಡಾ, ಹೆಣ್ಣಾ?
ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.
"ಅತ್ತೂ ಅತ್ತೂ ಈಗ ಮಲಗ್ತು ನೋಡಿ" ಅಂದಳು ತಾಯಿ.
ಮಲಗಿದನಲ್ಲ, ಮಲಗಿದಳಲ್ಲ, ಮಲಗಿತು.
ಬಲ್ಲದು ನಮ್ಮ ಕನ್ನಡ,
ಇನ್ನೂ ಸ್ವಲ್ಪ ದಿನ
ಅದರ ಪಾಡಿಗೆ ಅದನ್ನು ಬಿಟ್ಟಿದೆ.

ಬಣಕಲ್ ದಾಟುವಾಗ ಎದ್ದು
ನನ್ನ ಹೆಬ್ಬೆರಳು ಹಿಡಿಯಿತು, ಬಿಡಲೊಲ್ಲದು.
ಅದರ ಅಂಗೈಗೂ
ಒಂದಿಷ್ಟು ಬಿಳಿ ಹತ್ತಿತು.