ಎರಡು ಬಡಿತಕ್ಕೆ ರೈಟ್

ಮೊಣ್ಣಪ್ಪ ಹಿಂದಿನ ಬಾಗಿಲಲ್ಲಿ ನಿಂತು
ಎರಡು ಸಲ ತಗಡು ಬಡಿದರೆ ನಾನು ಗೇರು ಹಾಕುತ್ತಿದ್ದೆ,
ಒಂದು ಸಲ ಬಡಿದರೆ ಬ್ರೇಕು.
ಇಪ್ಪತ್ತೆರಡು ವರ್ಷ, ವಿರಾಜಪೇಟೆಯಿಂದ ಮಡಿಕೇರಿ.
ಕನ್ನಡಿಯಲ್ಲಿ ಅವನ ಮುಖ ನೋಡಿದ್ದು ಕಡಿಮೆ,
ಆ ಬಡಿತವನ್ನು ಬೆನ್ನಿಂದಲೇ ಕೇಳುತ್ತಿದ್ದೆ.

ಈಗ ಮುಖಕ್ಕೆ ಮುಖ. ನನ್ನ ಕೈಯಲ್ಲಿ ಟೀ ಚಮಚ,
ಅದರಲ್ಲಿ ಅರ್ಧ ಗಂಜಿ.

ಲಕ್ವ ಹೊಡೆದ ಮೇಲೆ ಮೊದಲ ಸಲ ನೋಡಲು ಬಂದಾಗ
ನಾನೇ ಕುಡಿಸಿದ್ದು, ಬೆಲ್ಲದ ಕಾಫಿ, ಲೋಟ ಎತ್ತಿ.
ಕೆಮ್ಮಲಿಲ್ಲ. ಸರಾಗ ಇಳಿಯಿತು ಅಂದುಕೊಂಡೆವು
ನಾನೂ, ಅವನ ಹೆಂಡತಿ ಚೋಂದಮ್ಮನೂ.
ಮೂರನೇ ದಿನ ಜ್ವರ. ಎದೆಯೊಳಗೆ
ಬೇತ್ರಿ ಹೊಳೆಯ ಸದ್ದು.
ಆಸ್ಪತ್ರೆಯಲ್ಲಿ ಹನ್ನೊಂದು ದಿನ.

ನುಂಗುವುದನ್ನೂ ಕಲಿಸುವವರಿದ್ದಾರೆ ಅಂತ ಆಗಲೇ ಗೊತ್ತಾದದ್ದು.
ಆ ಹುಡುಗಿ ಅಂದಳು:
"ಮೂರ್ನಾಡಿನಲ್ಲಿ ದಾರಿ ಕವಲೊಡೆಯುತ್ತದಲ್ಲ ಕಾಕಾ,
ಗಂಟಲೂ ಹಾಗೇ. ಒಂದು ಹೊಟ್ಟೆಗೆ, ಒಂದು ಉಸಿರಿಗೆ.
ಅಲ್ಲಿ ಕೈ ತೋರಿಸುವವನು ಈಗ ತೂಕಡಿಸುತ್ತಾನೆ.
ಕೆಮ್ಮದಿದ್ದರೆ ಸರಿಹೋಯಿತು ಅಂತಲ್ಲ."

ಬರೀ ನೀರು ತೀರಾ ಅವಸರದ ಪ್ರಯಾಣಿಕ,
ಕೂವೆಹಿಟ್ಟು ಹಾಕಿ ಕಾಯಿಸಿ
ಅವಳು ತೋರಿಸಿದಷ್ಟೇ ಮಂದ ಮಾಡುತ್ತೇವೆ.
ನೆಟ್ಟಗೆ ಕೂರಿಸಿ, ಬೆನ್ನಿಗೆ ಎರಡು ದಿಂಬು,
ಗದ್ದ ಎದೆಯತ್ತ, ಟಿಕೆಟ್ ಹರಿಯುವಾಗ ಬಾಗುತ್ತಿದ್ದ ಹಾಗೆ.
ಟಿವಿ ಬಂದ್.
"ರೈಟ್" ಅನ್ನುತ್ತೇನೆ.
ಗಂಟಲ ಗಂಟು ಏರಿ ಇಳಿಯುವುದನ್ನು
ಮೇಕೇರಿ ತಿರುವಿನಲ್ಲಿ ಎದುರಿನ ಲಾರಿ ನೋಡುವಂತೆ ನೋಡುತ್ತೇನೆ.
ಇನ್ನೊಂದು ಸಲ, ಬರಿಬಾಯಲ್ಲೇ, "ರೈಟ್."
"ಆ ಅನ್ನು."
ದನಿ ಒದ್ದೆಯಾಗಿದ್ದರೆ ಹೋಲ್ಡಾನ್. ಚಮಚ ಕೆಳಗೆ.
ಕೆಮ್ಮಲಿ.
ಹಿಂದಿನ ಬಸ್ಸು ಹಾರ್ನ್ ಹೊಡೆಯಲಿ ಬಿಡಲಿ,
ಇಲ್ಲಿ ಟೈಮಿಂಗ್ ಇಲ್ಲ.

ಉಂಡ ಮೇಲೆ ಅರ್ಧ ಗಂಟೆ ಹಾಲ್ಟ್, ಮಲಗಿಸುವಂತಿಲ್ಲ.
ಚೋಂದಮ್ಮ ಹಲ್ಲುಸೆಟ್ಟು ತೆಗೆದು ತೊಳೆಯುತ್ತಾಳೆ,
ಬೆರಳಿಗೆ ಬಟ್ಟೆ ಸುತ್ತಿ ಒಸಡು, ನಾಲಿಗೆ, ಕೆನ್ನೆಯ ಒಳಮೂಲೆ.
ಅಲ್ಲಿ ಅಡಗಿದ ಒಂದೇ ಅಗುಳು
ರಾತ್ರಿ ಟಿಕೆಟ್ಟಿಲ್ಲದೆ ತಪ್ಪು ದಾರಿ ಹಿಡಿದೀತಂತೆ.

ನಿನ್ನೆ ಪಕ್ಕದ ಮನೆಯಿಂದ ಪಂದಿಕರಿಯ ವಾಸನೆ.
ಅವನ ಕಣ್ಣು ಆ ಕಡೆಗೇ.
ನಾನು ತಿನ್ನದ ಮಾಂಸಕ್ಕಾಗಿ
ಅವನ ಪರವಾಗಿ ನನಗೇ ಹೊಟ್ಟೆ ಉರಿಯಿತು.
ಚೋಂದಮ್ಮ ಎರಡು ಹನಿ ಕಾಚಂಪುಳಿ ಗಂಜಿಗೆ ಕದಡಿ ತಂದಳು.
ಮೂರು ಚಮಚ. ನಾಲ್ಕನೆಯದಕ್ಕೆ
ನಾನು "ರೈಟ್" ಅನ್ನುವ ಮೊದಲೇ
ಅವನ ಒಳ್ಳೆಯ ಕೈ ಕುರ್ಚಿಯ ತೋಳನ್ನು ಬಡಿಯಿತು,
ಒಂದು ಸಲ.

ನನ್ನ ಬಲಗಾಲು
ತಾನಾಗಿ ನೆಲ ಒತ್ತಿ ನಿಂತಿತು.