ಗುಂಡಿ

ಆ ದೇಶಕ್ಕೆ ಕಡಲಿರಲಿಲ್ಲ, ಕಂದಾಯವಿರಲಿಲ್ಲ.
ಆಸ್ಟಿನ್ ಟೌನಿನ ಒಂದೂವರೆ ಕೋಣೆಯ ಮನೆಯಲ್ಲಿ
ಅಮ್ಮನ ಹೊಲಿಗೆ ಮಿಷನ್ನಿನ ಬದಿಗೆ, ಕೆಂಪು ನೆಲದ ಮೇಲೆ
ಸೀಮೆಸುಣ್ಣದ ನಾಲ್ಕು ಗೆರೆ.
ಅಷ್ಟೇ ಆಸ್ಟೀನಿಯ.

ಹನ್ನೆರಡು ಕ್ಲಬ್ಬು. ಕ್ಲಬ್ಬಿಗೆ ಹನ್ನೊಂದು ಗುಂಡಿ.
ಸಫಾರಿ ಸೂಟಿನ ಕಂದು ಗುಂಡಿಗಳು ರಾಜಧಾನಿಯವರು,
ದುಡ್ಡಿದ್ದವರು, ಮುಟ್ಟಿದರೆ ಸಾಕು ಜಾರುತ್ತಿದ್ದರು.
ಕಾನ್ವೆಂಟ್ ಯೂನಿಫಾರ್ಮಿನ ಬಿಳಿಯವು ಪೊಲೀಸ್ ತಂಡ.
ಉಪ್ಪುಕೋಟೆ ರೋವರ್ಸಿಗೆ ಮಾತ್ರ
ಹನ್ನೊಂದು ಗುಂಡಿ, ಹನ್ನೊಂದು ಬಣ್ಣ,
ಗೋಲ್‌ಕೀಪರನ ಅಂಚು ಮುಕ್ಕು.
ಯಾವ ಅಂಗಿಗೂ ಸೇರದವರ ಊರು.

ಚೆಂಡು ಒಂದು ಒಣ ಬಟಾಣಿ.
ಅಮ್ಮ ಸಾಗು ಮಾಡಿದ ದಿನ ಲೀಗಿಗೆ ರಜೆ.

ದೇಶದ ಕಾಲೆಲ್ಲ ಸಗಾಯಣ್ಣನವು.
ನಾನು ಸೆಕ್ರೆಟ್ರಿ.
ಚೀಟಿ ಲೆಕ್ಕದ ಪುಸ್ತಕವನ್ನು ತಿರುಗಿಸಿ, ಹಿಂದಿನಿಂದ
ಆಡಿದ್ದು, ಗೆದ್ದದ್ದು, ಸೋತದ್ದು ಎಂದು
ಅಡಿಪಟ್ಟಿಯಿಟ್ಟು ಗೆರೆ ಎಳೆದವಳು.
ಮುಂದಿನಿಂದ ಅಮ್ಮನ ಸಾಲ ಬರುತ್ತಿತ್ತು,
ಹಿಂದಿನಿಂದ ನಮ್ಮ ಲೀಗು;
ನಡುವೆ ಎಲ್ಲೋ ಒಂದು ದಿನ ಢಿಕ್ಕಿಯಾಗುತ್ತದೆಂದು
ಮೂವರಿಗೂ ಗೊತ್ತಿತ್ತು.

ಕಾನೂನು ಇದು: ಕೊನೆಗೆ ಬಂದವರು ಕೆಳಗಿಳಿಯಬೇಕು.
ಆದರೆ ಕೆಳಗೆ ಏನೂ ಇರಲಿಲ್ಲ.
ಎರಡನೇ ದರ್ಜೆಯನ್ನು ನಾವು ಮಾಡಿಯೇ ಇರಲಿಲ್ಲ.
ಇಳಿದವರು ಪುಟದಿಂದಲೇ ಇಳಿದು, ಡಬ್ಬಿ ಸೇರಿ,
ಯಾರದೋ ಅಂಗಿಗೆ ಹೊಲಿಸಿಕೊಂಡು
ಬ್ರಿಗೇಡ್ ರಸ್ತೆ ಕಡೆ ನಡೆದುಬಿಡುತ್ತಿದ್ದರು.
ಅದಕ್ಕೇ ಪ್ರತಿ ಸೀಸನ್ನಿನ ಕೊನೆಯ ಶನಿವಾರ
ಉಪ್ಪುಕೋಟೆಗೆ ಎಲ್ಲಿಂದಲೋ ಒಂದು ಪೆನಾಲ್ಟಿ.
ನಾನು ಕಂಡೂ ಬರೆದುಕೊಳ್ಳುತ್ತಿದ್ದೆ.

ಆಮೇಲೆ ಅಣ್ಣನಿಗೆ ಅವನದೇ ಕಾಲು ಬಂತು.
ಬ್ಯಾಂಕಿನ ತಂಡ, ನಂದನ ಮೈದಾನ,
ಕೆಲಸ ಖಾಯಮ್ಮಾಗಲು ಇನ್ನೊಂದೇ ಸೀಸನ್ನು.
ಮೊಣಕಾಲು ಹೋದದ್ದು ಮೈದಾನದಲ್ಲಲ್ಲ.
ಹೊಸೂರು ರಸ್ತೆ, ರಾತ್ರಿ, ನೀರು ತುಂಬಿ
ರಸ್ತೆಯ ಹಾಗೇ ಕಂಡ ಒಂದು ಗುಂಡಿ.
ಆಸ್ಪತ್ರೆಯಲ್ಲಿ ನಕ್ಕ:
‘ನೋಡು ಸೆಕ್ರೆಟ್ರಿ, ಕೊನೆಗೂ ಒಂದು ಗುಂಡಿ ನನ್ನನ್ನೇ ಆಡಿಸಿಬಿಡ್ತು.’
ನನಗೆ ನಗು ಬರಲಿಲ್ಲ.
ಈಗ ಬರುತ್ತದೆ, ಒಮ್ಮೊಮ್ಮೆ, ಬಸ್ಸಿನಲ್ಲಿ.

ನನ್ನದು ಬೊಮ್ಮನಹಳ್ಳಿ ಗಾರ್ಮೆಂಟಿನಲ್ಲಿ ಚೆಕಿಂಗು.
ದಿನಕ್ಕೆ ಐನೂರು ಅಂಗಿ, ಅಂಗಿಗೆ ಏಳು ಗುಂಡಿ,
ಎಲ್ಲ ಒಂದೇ ಮುಖ.
ಒಬ್ಬನೂ ಎಡಗಾಲಿನವನಲ್ಲ.

ಹೋದ ಭಾನುವಾರ ಮಿಷನ್ನು ರಿಪೇರಿಗೆ ಸರಿಸಿದಾಗ ಸಿಕ್ಕಿತು ಪುಸ್ತಕ.
ಹತ್ತನೇ ಸೀಸನ್ನು, ಒಂದು ಪಂದ್ಯ ಬಾಕಿ:
ಉಪ್ಪುಕೋಟೆಗೆ ರಾಜಧಾನಿ ಎದುರು. ಡ್ರಾ ಆದರೂ ಸಾಕಿತ್ತು.
ಇಪ್ಪತ್ತಾರು ವರ್ಷ ದಾರಕ್ಕೆ ಪೋಣಿಸಿಕೊಂಡು
ಕಾದಿದ್ದರು ಇಪ್ಪತ್ತೆರಡು ಮಂದಿ.
ಅಣ್ಣ ಕಾಲು ಚಾಚಿ ಕೂತ, ಮಡಚಲು ಬರುವುದಿಲ್ಲ.
ಎರಡೂ ಕಡೆ ಅವನೇ ಆಡಿದ, ಎಂದಿನಂತೆ.
ಒಂದು, ಸೊನ್ನೆ. ಗೋಲು ಕಂದು ಗುಂಡಿಯದು.
ಕೊನೆಯ ನಿಮಿಷ. ಬಾಯಲ್ಲೇ ಸೀಟಿ ಹಿಡಿದು ಕಾದೆ:
ಕೊಡುತ್ತಾನೆ ಪೆನಾಲ್ಟಿ, ಕೊಟ್ಟೇ ಕೊಡುತ್ತಾನೆ.

ಕೊಡಲಿಲ್ಲ.
‘ಬರಿ,’ ಅಂದ. ‘ಇಳೀಲಿ.’

ಬರೆದೆ.
ಹಾಳೆ ತಿರುವಿದರೆ ಮುಂದಿನ ಪುಟ ಖಾಲಿ,
ಅಮ್ಮನ ಲೆಕ್ಕ ಅಲ್ಲಿಯತನಕ ಬಂದಿರಲಿಲ್ಲ.
ಅಡಿಪಟ್ಟಿ ಸಿಗಲಿಲ್ಲ. ಅವನ ಎಕ್ಸ್‌ರೇ ಕವರಿನ ಅಂಚಿಟ್ಟು
ಗೆರೆ ಎಳೆದೆ, ಸ್ವಲ್ಪ ಸೊಟ್ಟ.
ಎರಡನೇ ದರ್ಜೆ.
ಒಂದು: ಉಪ್ಪುಕೋಟೆ ರೋವರ್ಸ್.
ಇನ್ನು ಹನ್ನೊಂದು ಊರು ಬೇಕು.
ಡಬ್ಬಿ ಸುರಿದುಕೊಂಡು ಕೂತಿದ್ದೇವೆ,
‘ಇದ್ಯಾವೂರು?’ ‘ಇದು?’

ಒಳಗಿಂದ ಅಮ್ಮ:
ನೆನೆಹಾಕಬೇಕು, ಆ ಬಟಾಣಿ ಕೊಟ್ಟುಬಿಡಿ.