ಗೆರೆ ಎಳೆಯುವವರು

ಜೊನೆಲ್ ತಂದಿಟ್ಟಾಗ ಅದು ಸೈಕಲ್ಲಾಗಿರಲಿಲ್ಲ,
ಸೈಕಲ್ಲಿನ ಬಗ್ಗೆ ತುಕ್ಕು ಹೇಳಿದ ಚಾಡಿಯಾಗಿತ್ತು.
ಅವಳಜ್ಜನದಂತೆ. ಕಿಂಗ್‌ಸ್ಟನ್ನಿನಿಂದ ಬಂದು ಹಡಗಿಳಿದವನು
ಐವತ್ತೆಂಟರಲ್ಲಿ ಕಂತಿನ ಮೇಲೆ ಕೊಂಡದ್ದು,
ಬೇಕರಿಯ ರಾತ್ರಿಪಾಳಿಗೆ ತುಳಿದದ್ದು,
ಆಮೇಲೆ ಕಲ್ಲಿದ್ದಲ ಗೂಡಿನಲ್ಲಿ
ಮೂವತ್ತು ವರ್ಷ ಗೋಡೆಗೊರಗಿ ನಿಂತದ್ದು.

ಡಿಗ್‌ಬೆತ್‌ನಲ್ಲಿ ರೈಲು ಕಮಾನಿನಡಿ ನನ್ನ ಅಂಗಡಿ.
ಬಾಗಿಲ ಮೇಲೆ ಹೆಸರಿಲ್ಲ, ನೆತ್ತಿಯ ಮೇಲೆ
ಹನ್ನೊಂದು ನಿಮಿಷಕ್ಕೊಂದು ರೈಲು.
ಸೀಟಿನ ಕಂಬ ಚೌಕಟ್ಟಿನೊಳಗೆ ಕಚ್ಚಿಕೊಂಡಿತ್ತು.
ಎಣ್ಣೆ ಕುಡಿಸಿದೆ, ಬಿಸಿ ಮಾಡಿದೆ, ಬೈದೆ.
ಐದನೆಯ ದಿನ ನಾನು ಚಹಾ ಕುಡಿಯುತ್ತಿರುವಾಗ
ಟಿಕ್ ಅಂದು ತಾನೇ ಬಿಟ್ಟುಕೊಟ್ಟಿತು.
ಎಷ್ಟೋ ಜಗಳಗಳು ಮುಗಿಯುವುದು ಹೀಗೇ.

ಬಣ್ಣ ಕೆರೆದರೆ ಕೀಲುಕೀಲಿಗೂ ಹಿತ್ತಾಳೆ,
ಬೆಸುಗೆಯವನ ಆ ದಿನದ ತಾಳ್ಮೆ ಎಷ್ಟಿತ್ತೋ ಅಷ್ಟು.

"ಕಪ್ಪು ಬೇಡ" ಅಂದಳು ಜೊನೆಲ್.
"ಹಳದಿ ಬೇಕು, ಮಾಗಿದ ಮಾವಿನದು.
ಹ್ಯಾಂಡಲ್ಲು ನೇರ. ಹಿಂದೆ ಗಟ್ಟಿ ಕ್ಯಾರಿಯರು,
ಹೆರಿಗೆಯ ಚೀಲ ಅಲುಗದೆ ಕೂರಬೇಕು."
ಸೂಲಗಿತ್ತಿ ಅವಳು, ಸರಕಾರಿ ನೌಕರಿ,
ಬೇನೆಗೆಲ್ಲಿ ಹೊತ್ತುಗೊತ್ತು.
ಹೂಂ ಅಂದೆ. ಒಳಗೊಳಗೆ ಉರಿದೆ.
ಇಂಥ ಉಕ್ಕಿಗೆ ಮಾವಿನಹಣ್ಣೇ?

ಚಿನ್ನದ ಗೆರೆಗೆ ಒಲ್ವೆನ್ ಪ್ರಾಬರ್ಟ್ ಬಂದರು.
ಎಂಬತ್ತಾರು ವರ್ಷ, ಬಸ್ಸಿನಲ್ಲಿ,
ಬಿಸ್ಕತ್ತಿನ ಡಬ್ಬಿಯಲ್ಲಿ ಅಳಿಲ ಕೂದಲಿನ ಕುಂಚ.
ಆಸ್ಟನ್ನಿನ ಕಾರ್ಖಾನೆಗೆ ಹದಿನೈದಕ್ಕೆ ಸೇರಿ
ಗೆರೆಗಿಷ್ಟು ಎಂಬ ಕೂಲಿಗೆ
ದಿನವಿಡೀ ಗೆರೆ ಎಳೆದವರು.
"ಇದಕ್ಕೂ ನೀವೇ ಎಳೆದಿರಬಹುದು" ಅಂದೆ.
"ಇರಬಹುದು. ಡೋರೀನಳದೂ ಇರಬಹುದು.
ಶುಕ್ರವಾರ ಸಂಜೆಯದಾದರೆ ಯಾರದೂ ಅಲ್ಲ."

ಹಳದಿ ಕಂಡು ಸಿಡುಕುತ್ತಾರೆ,
ನನ್ನ ಕಡೆಗೊಂದು ಸಾಕ್ಷಿ ಆಯಿತು ಅಂದುಕೊಂಡಿದ್ದೆ.
ಕನ್ನಡಕ ಏರಿಸಿ ಇಳಿಸಿ ಒಂದು ಸುತ್ತು ಬಂದು
"ಹನ್ನೊಂದು ವರ್ಷ" ಅಂದರು, "ಕಪ್ಪು, ಕಪ್ಪು, ಕಪ್ಪು.
ನಮ್ಮನ್ನು ಯಾರಾದರೂ ಕೇಳಿದ್ದರೆ
ಬೀದಿ ತುಂಬ ಇದೇ ಓಡುತ್ತಿತ್ತು.
ಇದರ ಮೇಲೆ ಚಿನ್ನ ಕಾಣೋದಿಲ್ಲ ಮಗು,
ನೇರಳೆ ಕಲಸು."

ಕಲಸಿದೆ.

ರೈಲು ದಾಟಲಿ ಎಂದು ಕಾದರು.
ಕಿರುಬೆರಳನ್ನು ಕೊಳವೆಗೆ ಊರಿ, ಉಸಿರು ಹಿಡಿದು,
ಕೈಯನ್ನು ನಿಲ್ಲಿಸಿ ಮೈಯನ್ನು ಹಿಂದಕ್ಕೆ ನಡೆಸಿದರು.
ಮೊದಲ ಗೆರೆ ನಡುಗಿತು, ಒರೆಸಿದರು.
ಎರಡನೆಯದೂ. ಮೂರನೆಯದಕ್ಕೆ
ವುಲ್ವರ್‌ಹ್ಯಾಂಪ್ಟನ್ನಿನ ಗಾಡಿ ಹೊತ್ತಿಗೆ ಮುಂಚೆಯೇ ಬಂದು
ಇಡೀ ಕಮಾನನ್ನು ಅಲ್ಲಾಡಿಸಿತು.
"ಇದು ಡ್ರೈವರನ ಗೆರೆ" ಎಂದು ನಕ್ಕು ಅದನ್ನೂ ಒರೆಸಿದರು.
ನಾಲ್ಕನೆಯದು
ಹೇಗೆ ಹೇಳಲಿ,
ತುಂಬಿದ ಲೋಟ ಹಿಡಿದು ಮಗು ನಡೆಯುವ ಹಾಗೆ
ಒಂದು ಗೇಣು, ಎರಡು ಗೇಣು,
ಅಲ್ಲಿಗೆ ಕುಂಚ ಎತ್ತಿಬಿಟ್ಟರು.
"ನನ್ನ ಹತ್ತಿರ ಇರೋದು ಇಷ್ಟೇ. ಮುಂದಿನದು ನೀನು."

ನಾನು ಬರೀ ನಟ್ಟು ಬಿಚ್ಚುವವನು ಅಂದೆ.
ಕೇಳಿಸಿಕೊಳ್ಳಲಿಲ್ಲ. ಎರಡು ಗೇಣಿಗೆ ಹಳೇ ದರದಲ್ಲಿ
ಲೆಕ್ಕ ಹಾಕಿ, ಚಿಲ್ಲರೆ ಎಣಿಸಿ ತಗೊಂಡು,
ಕುಂಚ ಬಿಟ್ಟು ಬಸ್ಸಿಗೆ ಹೊರಟರು.

ಅವರದು ಮುಗಿದು ನನ್ನದು ಶುರುವಾಗುವ ಜಾಗ
ಸೀಟಿನ ಕೆಳಗೆ, ಪಂಪಿನ ಮರೆಯಲ್ಲಿದೆ.
ಬೆರಳಾಡಿಸಿದರೆ ಸಣ್ಣದೊಂದು ಎಡವು.
ಮೂರು ರಾತ್ರಿ ಎಳೆದು ಒರೆಸಿ ಎಳೆದು
ಕೊನೆಗೆ ಹಾಗೇ ಬಿಟ್ಟೆ.

ಶನಿವಾರ ನಸುಕಿನಲ್ಲಿ ಜೊನೆಲ್ ಬಂದಳು.
ಕಣ್ಣು ತುಂಬಿಕೊಳ್ಳಲಿಲ್ಲ, ಅಜ್ಜನ ಹೆಸರೆತ್ತಲಿಲ್ಲ.
ಟೈರು ಒತ್ತಿ ನೋಡಿ "ಬ್ರೇಕು ಹಿಡಿಯುತ್ತಾ?" ಅಂದಳು.
ಅಷ್ಟರಲ್ಲಿ ಫೋನು. ಯಾರಿಗೋ ನೀರೊಡೆದಿತ್ತು.
ಕಲ್ಲುಹಾಸಿನ ಮೇಲೆ ಕುಲುಕುತ್ತ ಆ ಹಳದಿ
ಕಾಲುವೆಯ ಸೇತುವೆ ಏರಿ ಇಳಿಯಿತು.
ಕಿವಿಗೊಟ್ಟೆ. ಹಿಂದಿನ ಮಡ್‌ಗಾರ್ಡು ಗಡಗಡ.
ತಿರುಗಿ ನೋಡಿದರೆ ಬೆಂಚಿನ ಮೇಲೆ
ಒಂದು ವಾಷರು.